ಬೆಟಗೇರಿಯೊಳಗೊಂದು ಬಂದರ

ಕ್ಯಾಸೆಟ್ಟಿನ ಡಬ್ಬಿಯ ಮೂಲ್ಯಾಗ
ಇನ್ನೂ ಕೆಂಪು ಧೂಳು ಐತಿ.
ಒರಸಬ್ಯಾಡ್ರಿ ಅಂತಿದ್ದ ಅಪ್ಪ,
ಮಾಲಗಾಡಿಯ ಗಾರ್ಡ ಯೋನಪ್ಪ ಕರಮುಡಿ.
ಮೀನಿನ ಹೊಟ್ಟಿಯೊಳಗ ಮೂರು ದಿನ ಇದ್ದವನ
ಹೆಸರು ಇಟಗೊಂಡು
ಸಮುದ್ರ ಕಂಡಿರಲಿಲ್ಲ.

ಹೊಸಪೇಟಿ ಕಡೆಯಿಂದ ಮಣ್ಣು ಬರತಿತ್ತು,
ಗದಗ ದಾಟಿ, ಹುಲಕೋಟಿ ಅಣ್ಣಿಗೇರಿ ದಾಟಿ
ಪಡುವಣಕ್ಕ.
ಇಪ್ಪತ್ತು ವರ್ಷ ಅದರ ಬೆನ್ನಿಗೆ ಕುಂತು
ಹಸಿರು ಬೀಸಿದವ
ಒಮ್ಮೆ ರಜಾ ಹಾಕಿದ. ಪಾಸಿನ ಮ್ಯಾಲೆ
ವಾಸ್ಕೋದ ತನಕ ಹೋದ.
‘ಇಷ್ಟು ಮಣ್ಣು ಎಲ್ಲಿ ಹೊಕ್ಕತಿ, ನೋಡಿ ಬರ್ತೀನಿ.’

ಹಡಗಿನ್ಯಾಗ ಹೊಕ್ಕಿತ್ತು. ಹಡಗು ಜಪಾನಿಂದು.
ಸಮುದ್ರದ ಬಗ್ಗೆ ಏನೂ ಹೇಳಲಿಲ್ಲ ಅಪ್ಪ,
‘ಭೀಷ್ಮ ಕೆರಿಕಿಂತ ದೊಡ್ಡದೈತಿ’ ಅಂದ, ಅಷ್ಟ.
ಹೇಳಿದ್ದೆಲ್ಲಾ ಒಬ್ಬ ಖಲಾಶಿಯ ಬಗ್ಗೆ:
ಬೀಡಿ ಒಬ್ಬನ ಹತ್ರ, ಕಡ್ಡಿಪೆಟಗಿ ಇನ್ನೊಬ್ಬನ ಹತ್ರ,
ಮಾತು ಇಬ್ಬರ ಹತ್ರಾನೂ ಇಲ್ಲ.
ಅವ ಕ್ಯಾಸೆಟ್ ಕೊಟ್ಟ. ಇವ
ಚೀಲದಾಗಿದ್ದ ಹಸಿರು ಬಾವುಟ ಕೊಟ್ಟು ಬಂದ.
(ಬಾವುಟ ಕಳದದ್ದಕ್ಕ ಹುಬ್ಬಳ್ಳಿ ಆಫೀಸಿನಿಂದ ಮೆಮೋ,
ಪಗಾರದಾಗ ಹನ್ನೊಂದು ರೂಪಾಯಿ ಮುರಕೊಂಡರು.)

ಮಿಶನ್ ಕಂಪೌಂಡಿನ ನಮ್ಮ ಮನಿಯಾಗ
ಆಯಿತವಾರ ಪ್ರಾರ್ಥನಿ ಮುಗದ ಮ್ಯಾಲೆ
ಆ ಹೆಣ್ಣುದನಿ ಹತ್ತತಿತ್ತು.
ಗಂಟಲೊಳಗ ಒಂದು ಮೆಟ್ಟಲು ಮುರದಂಗ
ಏರತಾ ಏರತಾ ಜಾರಿ
ಮತ್ತ ಸೆರಗು ಸಾವರಿಸಿಕೊಂಡು.
ಹಿಂದ ಒಂದು ಕೂಗು,
ಮಂಜಿನ್ಯಾಗ ಹಡಗು ಕೂಗಿದಂಗ ಅಂತ ಈಗ ಹೇಳ್ತೀನಿ,
ಆಗ, ಔಟರಿನ್ಯಾಗ ನಿಂತ ಗಾಡಿ
ಸಿಗ್ನಲ್ ಬೇಡತೈತಿ ಅಂದಕೊಂಡಿದ್ದೆ.
ಬಾಜೂ ಮನಿ ಹುಲಿಗೆವ್ವ ಬಾಗಲದಾಗ ನಿಂತು
‘ಯಾರ ಸತ್ತಾರ್ರೀ?’ ಅಂದಳು.
‘ಸತ್ತಿಲ್ಲ, ಯಾರೋ ಬರಬೇಕು’ ಅಂದ ಅಪ್ಪ.

ಹಾಡಿಗೊಂದು ಸಲ ‘ಮಿನಾತೋ’ ಬರತಿತ್ತು.
ಮೀನವ್ವ ಇರಬೇಕು, ಆಕಿನ್ನ ಬಿಟ್ಟು ಹೋಗ್ಯಾನ
ಅಂತ ಅಕ್ಕತಂಗೇರು ಗೊತ್ತು ಮಾಡಿದ್ವಿ.
‘ನಾಮಿದಾ’ ಅಂದಲ್ಲಿ ಅಪ್ಪ ಕೈ ಎತ್ತಿ
‘ಕೇಳ್ರಿ, ನಮ್ದಾ? ನಮ್ದಾ? ಅಂತಾಳ.
ಮಣ್ಣಿನ ಗುರತ ಹತ್ತೇತಿ ಆಕಿಗೆ.’
ತಾನ ಉತ್ತರ ಕೊಡತಿದ್ದ, ಸಣ್ಣ ದನಿಲೆ:
‘ನಮ್ದ ವಾ, ನಮ್ದ.’

ಬ್ರಾಡ್‌ಗೇಜ್ ಬಂತು. ಅಪ್ಪ ಹೋದ.

ಮೊನ್ನೆ ಒಬ್ಬಾಕಿ ಬಂದಿದ್ದಳು,
ಕೈಮಗ್ಗದ ಸೀರಿ ನೋಡಾಕ ಜಪಾನಿನಿಂದ.
ಸೊಸಾಯಿಟಿಯ ಲೆಕ್ಕ ಬರಿಯಾಕಿ ನಾನು,
ಚಾ ಕೊಟ್ಟು ಕ್ಯಾಸೆಟ್ ಹಚ್ಚಿದೆ.
ಬಾಯಿಗೆ ಕೈ ಅಡ್ಡ ಹಿಡದು ನಕ್ಕಳು ಮದಲ.
ಅವರಪ್ಪ ಕುಡದಾಗ ಹಿಂಥಾವ ಹಾಡತಿದ್ದನಂತ.
ಆಮ್ಯಾಲೆ ನಗಲಿಲ್ಲ.
ಮಿನಾತೋ ಅಂದ್ರ ಬಂದರ. ಹೆಣ್ಣಲ್ಲ.
ಬಡಗಣ ದಂಡಿಯ ಊರುಗಳಂತ ಹಾಡಿನ ತುಂಬ,
ಸಮುದ್ರದ ಮ್ಯಾಲೆ ಹಿಮ ಬೀಳತೈತಂತ,
ಕಡೀ ದೋಣಿ ತಪ್ಪತೈತಂತ.
ನಾಮಿದಾ ಅಂದ್ರ ಕಣ್ಣೀರು.

‘ಅಲ್ಲಿಯವರೇನು ನೀವು?’
ತಲಿ ಅಲ್ಲಾಡಿಸಿದಳು. ನೋಡೇ ಇಲ್ಲಂತ.
ಗುಡ್ಡದ ನಡುವಿನ ಊರು ಆಕಿದು,
ಸಮುದ್ರ ಹಾಡಿನ್ಯಾಗಷ್ಟ.
‘ಅಲ್ಲಿ ಮಂದಿಗೆ ಇವು ಸೇರತಾವೋ ಇಲ್ಲೋ,’ ಅಂದಳು,
‘ಅವರಿಗೆ ಬಲಿ ಹೊಲಿಯೂ ಕೆಲಸ ಇರತೈತಿ.’

ಡಬ್ಬಿ ಮುಟ್ಟಿದ ಬೆರಳು ಕೆಂಪಾಗಿತ್ತು.
ಹೇಳಿದೆ, ಗಾಡಿ, ವಾಸ್ಕೋ, ಬಾವುಟ, ಹನ್ನೊಂದು ರೂಪಾಯಿ.
ಆ ಮಣ್ಣು ಕಾಸಿ ಮಾಡಿದ ಹಡಗಿನ್ಯಾಗ
ಯಾರ್ಯಾರು ಯಾರ್ಯಾರನ್ನ ಬಿಟ್ಟು ಹೋದರೋ
ಆಕಿಗೂ ಗೊತ್ತಿರಲಿಲ್ಲ.
‘ನಮ್ದಾ’ದ ಸುದ್ದಿ ನಾನು ಎತ್ತಲಿಲ್ಲ.

ಟೇಪು ಜಗ್ಗೇತಿ ಈಗ, ದನಿ ಗಂಡಸಿನಂಗ ಆಗೇತಿ.
ನಡುವ ಸಿಕ್ಕೊಂತಂದ್ರ ಪೆನ್ಸಿಲ್ ತುರಕಿ ತಿರವಬೇಕು.
ನಿನ್ನೆ ರಾತ್ರಿ ಕರೆಂಟ್ ಹೋಗಿ
ಓಣಿಯ ಪವರ್‌ಲೂಮೆಲ್ಲಾ ಒಮ್ಮೆಲೆ ಬಾಯಿ ಮುಚ್ಚಿದಾಗ
ಸೆಲ್ಲಿನ ಮ್ಯಾಲೆ ಹಚ್ಚಿದೆ.
ಆ ಸಾಲು ಬಂತು.
ಪಡಸಾಲ್ಯಾಗ ನೂಲು ಬಿಡಸತಿದ್ದ ತಂಗಿ,
ಅರ್ಥ ಗೊತ್ತಿದ್ದಾಕಿ,
‘ನಮ್ದ ವಾ’ ಅಂದಳು; ಅದ ದನಿಲೆ,
‘ಅಕ್ಕಾ, ಹಾಲು ಉಕ್ಕತೈತಿ ನೋಡ.’